ಸ್ಲೇಟು ಕಲ್ಲಿನ ಮೇಲಿನ ಹೂಂ

ನಾನು ಕೆಲಸ ಮಾಡುವುದು ದುಬೈಯ ಅಲ್ ಕೂಝ್‌ನಲ್ಲಿ, ಬೋರ್ಡು ತಯಾರಿಸುವ ಅಂಗಡಿಯಲ್ಲಿ. ಅಲ್ಲಿನ ಹೊಡೆದಾಟಗಳನ್ನು ತಾರೀಖು ಹಾಕಿ ಬರೆದಿಡುವುದು ನನ್ನ ಅಭ್ಯಾಸ. ಆ ವರ್ಷದ ನಾಲ್ಕನೆಯದು ಶುರುವಾದದ್ದು ಒಂದು ಟಿಬೆಟಿ ಅಕ್ಷರದಿಂದ.

ಇಂಟರ್‌ನ್ಯಾಷನಲ್ ಸಿಟಿಯ ನಮ್ಮ ರೂಮಿನಲ್ಲಿ ನನ್ನ ಮೇಲಿನ ಮಂಚದವನು ಬೈಲಕುಪ್ಪೆಯ ಟಿಬೆಟಿ ಹುಡುಗ, ಮೋಮೋ ಹೋಟೆಲಿನ ಅಡುಗೆಯವ. ಕನ್ನಡದ ಬೈಗುಳ ನನಗಿಂತ ಚೆನ್ನಾಗಿ ಗೊತ್ತು. ತಾಯಿ ತೀರಿಕೊಂಡಾಗ ಅವನಿಗೆ ರಜೆ ಸಿಗಲಿಲ್ಲ. ನಲವತ್ತೊಂಬತ್ತನೆಯ ದಿನದ ಪೂಜೆಗಾದರೂ ಊರು ಮುಟ್ಟಲೇಬೇಕಿತ್ತು. ಸತ್ತವರಿಗಾಗಿ ಕಲ್ಲಿನ ಮೇಲೆ ಮಂತ್ರಾಕ್ಷರ ಕೆತ್ತಿಸಿ, ಜನ ಪ್ರದಕ್ಷಿಣೆ ಹಾಕುವ ದಾರಿಯಲ್ಲಿ ಇಡುವುದು ಅವರ ಮನೆಯ ಪದ್ಧತಿ.

"ಗುರು, ಅಮ್ಮನ ಕಲ್ಲು ನಿನ್ ಲೇಸರಲ್ಲೇ ಆಗ್ಲಿ. ಒಂದೇ ಅಕ್ಷರ, ಹೂಂ" ಎಂದು ಅದನ್ನು ಟೈಪ್ ಮಾಡಿ ನನ್ನ ಫೋನಿಗೆ ಕಳಿಸಿದ.

ಕಣ್ಣಿಗೆ ಒಂದೇ ಅಕ್ಷರ. ಕಂಪ್ಯೂಟರಿಗೆ ಅದು ನಾಲ್ಕು ಸಂಕೇತ: ಹ, ಅದರ ಅಡಿಯ ದೀರ್ಘ, ಅದಕ್ಕೂ ಕೆಳಗೆ ಉಕಾರ, ನೆತ್ತಿಯ ಮೇಲೆ ಚಂದ್ರಬಿಂದು. ಇವು ಸಾಲಾಗಿ ಬರುತ್ತವೆ. ಒಂದರ ಮೇಲೊಂದು ಪೇರಿಸುವುದು ಪರದೆಯ ಮೇಲೆ ಫಾಂಟು ಮಾಡುವ ಕೆಲಸ. ನಮ್ಮ ಲೇಸರ್ ಯಂತ್ರಕ್ಕೆ ಪೇರಿಸಲು ಬಾರದು. ಅದಕ್ಕೇ ಬೇರೆ ಅಂಗಡಿಯವರು ಅಕ್ಷರವನ್ನು ಮೊದಲು ಚಿತ್ರವಾಗಿ ಬದಲಿಸಿ ಕೊಡುತ್ತಾರೆ. ಇಲ್ಲಿನ ಕನ್ನಡಿಗರ ಹೋಟೆಲುಗಳಿಗೆ ಕನ್ನಡ ಬೋರ್ಡು ಮಾಡುವ ನಮಗೆ ಆ ಅಭ್ಯಾಸವಿರಲಿಲ್ಲ. ನಮ್ಮ ಹಳೆಯ ಕನ್ನಡ ಫಾಂಟಿನಲ್ಲಿ ಒತ್ತು, ಕೊಂಬು ಎಲ್ಲ ಬಿಡಿ ತುಂಡುಗಳೇ. ಹಾಗೇ ಕಳಿಸಿದರೂ ಸರಿಯಾಗಿ ಕೂರುತ್ತಿದ್ದವು. ಊಟದ ಹೊತ್ತಿನಲ್ಲಿ ಸ್ಲೇಟು ಕಲ್ಲನ್ನಿಟ್ಟು ಇದನ್ನೂ ಹಾಗೇ ಕಳಿಸಿದೆ.

ಹೊಗೆ ಇಳಿದಾಗ ಕಲ್ಲಿನ ಮೇಲೆ ಕಡಿದು ಹಾಕಿದಂತೆ ಬಿದ್ದಿತ್ತು ಅಕ್ಷರ. ತಲೆ ಒಂದು ಕಡೆ, ಕಾಲು ಒಂದು ಕಡೆ.

ಕೆಟ್ಟ ಮಾಲನ್ನು ನಿಂತಲ್ಲೇ ಒಡೆಯುವುದು ನಮ್ಮ ಫೋರ್‌ಮನ್ ಮಾಡಿದ ಕಾನೂನು. ಅವರು ಗದಗದವರು, ನಾನು ಉಡುಪಿಯವನು. ಬಂದರು, ನೋಡಿದರು, "ಏ ಉಡುಪಿ, ಏನ್ ಗೀಚಿಯಲೇ ಇದು? ಖಲಾಸ್" ಎಂದು ಸುತ್ತಿಗೆ ಎತ್ತಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕಲ್ಲು ಚೂರಾಗಿತ್ತು.

ಅದೇ ಹೊತ್ತಿಗೆ ಕಲ್ಲು ಒಯ್ಯಲು ಬಂದ ಟಿಬೆಟಿ ಹುಡುಗ ಬಾಗಿಲಲ್ಲಿ ನಿಂತಿದ್ದ. ನೇರ ಬಂದು ಫೋರ್‌ಮನ್ನರ ಬಾಯಿಗೆ ಗುದ್ದಿದ. ಅವರು ಅಕ್ರಿಲಿಕ್ ಹಾಳೆಗಳ ಮೇಲೆ ಬಿದ್ದರು. ಎದೆಯ ಮೇಲೆ ಕೂತು ಮತ್ತೆರಡು ಗುದ್ದಿದ. ಅವರು ಸುತ್ತಿಗೆಯ ಹಿಡಿಯಿಂದ ಅವನ ಕಿವಿಗೆ ಬಾರಿಸಿದರು. ಎಳೆಯಲು ಹೋದ ನನಗೆ ಯಾರದೋ ಮೊಣಕೈ ಬಿತ್ತು. ಕೊನೆಗೆ ಫೋರ್‌ಮನ್ ಅವನನ್ನು ಒದ್ದು ದೂಡಿ ಎದ್ದರು, ಒಂದು ಹಲ್ಲನ್ನು ಅಂಗೈಗೆ ಉಗಿದು ಫೋನ್ ತೆಗೆದರು.

"ಪೊಲೀಸರಿಗೆ ಹೇಳ್ತೀನಿ, ಮಗನ!"

ಕೇಸಾದರೆ ವಿಮಾನ ಹತ್ತಲು ಬಿಡುವುದಿಲ್ಲ. ಅಂದು ನಲವತ್ತೇಳನೆಯ ದಿನ. ಸಂಜೆಗೆ ಅವನ ಟಿಕೆಟ್ ಇತ್ತು.

ಅವನು ಮಾತ್ರ ನೆಲಕ್ಕೆ ಬಗ್ಗಿ ಚೂರುಗಳನ್ನು ಅಂಗಿಯ ಮಡಿಲಿಗೆ ತುಂಬಿಕೊಳ್ಳುತ್ತಿದ್ದ. ಬೆರಳು ಕೊಯ್ದು ಸ್ಲೇಟು ಕೆಂಪಾಗಿತ್ತು.

"ಏನ್ ಕಲ್ಲಲೇ ಅದು?" ಫೋರ್‌ಮನ್ ನನ್ನನ್ನು ಕೇಳಿದರು.

"ಅವನ ಅಮ್ಮಂದು, ಸಾರ್. ತೀರಿಹೋಗಿದ್ದಾರೆ. ನಾಡಿದ್ದು ಪೂಜೆ."

ಅವರು ಬಾಯಿಗೆ ಚಿಂದಿ ಒತ್ತಿ ಹಿಡಿದರು. ಫೋನ್ ಜೇಬಿಗೆ ಹೋಯಿತು. "ತಿರುಗಿ ಕೆತ್ತಿ ಕೊಡು. ಹೋಗಿ ಬರ್ಲಿ. ಬಂದ್ ಮ್ಯಾಲೆ ಇವನ ಹಲ್ಲ ಉದುರಸ್ತೀನಿ."

ಈ ಸಲ ಅಕ್ಷರವನ್ನು ಚಿತ್ರ ಮಾಡಿ ಕಳಿಸಿದೆ. ನಾಲ್ಕೂ ಒಂದರ ಮೇಲೊಂದು ನಿಂತವು. ಅಕ್ಷರವಿದ್ದ ಕಲ್ಲನ್ನು ಕಸಕ್ಕೆ ಹಾಕಬಾರದೆಂದು ಅವನು ಚೂರುಗಳನ್ನೂ ಟವೆಲಿನಲ್ಲಿ ಸುತ್ತಿಕೊಂಡು ಹೋದ.

ವಾಪಸು ಬಂದವನು ರೂಮಿಗಿಂತ ಮೊದಲು ಅಂಗಡಿಗೆ ಬಂದ. ಬ್ಯಾಗು ಕೆಳಗಿಟ್ಟು, ಕೈ ಹಿಂದೆ ಕಟ್ಟಿ ನಿಂತ. ಫೋರ್‌ಮನ್ ಕೈಗವಸು ಬಿಚ್ಚಿ ಒಂದೇ ಒಂದು ಗುದ್ದು ಕೊಟ್ಟರು. ಅವನು ಯಂತ್ರಕ್ಕೆ ತಾಗಿ ಕುಸಿದ.

"ಅವ್ವನ ಕಲ್ಲು ನೆಟ್ಟಗ ಕುಂತೈತೇನು?"

ಅವನು ರಕ್ತ ಉಗಿದ. "ಕೂತದೆ, ಸಾರ್."