ಹೋದರೆ ಖಲಾಸ್

ಅವಳು ಯಾವುದನ್ನೂ ಬೆರಳಿನಿಂದ ತೋರಿಸುತ್ತಿರಲಿಲ್ಲ. ತುಟಿ ಎರಡನ್ನೂ ಒಟ್ಟು ಮಾಡಿ, ಮಗುವಿಗೆ ಮುತ್ತು ಕೊಡುವವರ ಹಾಗೆ ಮುಂದೆ ಚಾಚಿ, ಉಪ್ಪಿನ ಡಬ್ಬಿ ಅಲ್ಲಿ, ಪೊರಕೆ ಇಲ್ಲಿ ಎಂದು ತೋರಿಸುತ್ತಿದ್ದಳು. ಹೌದು ಎನ್ನಲಿಕ್ಕೂ ಬಾಯಿ ತೆರೆಯುವುದಿಲ್ಲ. ಹುಬ್ಬು ಒಮ್ಮೆ ಮೇಲಕ್ಕೆ ಹಾರಿದರೆ ಹೌದು ಎಂದು ತಿಳಿದುಕೊಳ್ಳಬೇಕು. ಫಿಲಿಪೀನ್ಸ್‌ನವರ ಕ್ರಮ ಅದು. ಬಂದ ಹೊಸತರಲ್ಲಿ ಒಂದು ದಿನ ಮೇಡಂ, "ಅಜ್ಜಿಗೆ ನಿದ್ದೆ ಮಾತ್ರೆ ಕೊಟ್ಟೆಯಾ?" ಎಂದು ಕೇಳಿದರು. ಇವಳು ಹುಬ್ಬು ಹಾರಿಸಿದಳು. ಮತ್ತೆ ಕೇಳಿದರು, ಮತ್ತೆ ಹಾರಿಸಿದಳು. ತಮ್ಮನ್ನೇ ಅಣಕಿಸುತ್ತಾಳೆ ಎಂದು ಮೇಡಂ ಸಿಟ್ಟಿನಲ್ಲಿ ತಾವೇ ಇನ್ನೊಂದು ಮಾತ್ರೆ ಕೊಟ್ಟರು. ಅಜ್ಜಿ ಮರುದಿನ ಮಧ್ಯಾಹ್ನದವರೆಗೆ ಏಳಲಿಲ್ಲ. ಇವಳಿಗೆ ಬೈಗುಳ ಬಿದ್ದಾಗ ನಾನು ಬಾಗಿಲ ಹಿಂದೆ ನಿಂತು ಖುಷಿಯಿಂದ ಕೇಳಿದೆ.

ನಾನು ಆ ಮನೆಯ ಅಡುಗೆಯವಳು. ಗಂಡ ತೀರಿಹೋದ ಮೇಲೆ ಮಗಳನ್ನು ತಾಯಿಯ ಹತ್ತಿರ ಬಿಟ್ಟು, ಕಾರ್ಕಳದ ಕಡೆಯಿಂದ ಬಂದು ಜಹ್ರಾದ ಆ ಕುವೈತಿ ಮನೆ ಸೇರಿದವಳು ಇಂದಿಗೂ ಅಲ್ಲೇ ಇದ್ದೇನೆ. ಅವಳು ಬಂದದ್ದು ಹಾಸಿಗೆ ಹಿಡಿದ ಅಜ್ಜಿಯನ್ನು ನೋಡಿಕೊಳ್ಳಲಿಕ್ಕೆ. ಇಬ್ಬರಿಗೂ ಮಲಗಲು ಒಂದೇ ಕೋಣೆ. ಅವಳು ನನ್ನನ್ನು ಆತೆ ಎನ್ನುತ್ತಿದ್ದಳು, ಅವರಲ್ಲಿ ಅಕ್ಕನನ್ನು ಹಾಗೆ ಕರೆಯುವುದಂತೆ. ನಾನು ಅವಳನ್ನು ಫಿಲಿಪೀನಿ ಎಂದೇ ಕರೆದೆ. ನಮ್ಮಿಬ್ಬರ ಮಾತು ಅಡುಗೆಮನೆಯ ಅರಬಿ, ನಡುನಡುವೆ ನಾಲ್ಕು ಇಂಗ್ಲಿಷ್. ಇಲ್ಲಿ ನಮ್ಮ ಕಡೆಯ ಮಾತಿನಲ್ಲೇ ಬರೆಯುತ್ತೇನೆ.

ಕೋಣೆಯಲ್ಲಿ ಅವಳ ಮಂಚದ ಪಕ್ಕ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ ಇರುತ್ತಿತ್ತು. ಫಿಲಿಪೀನ್ಸ್‌ನವರೆಲ್ಲ ಹಡಗಿನಲ್ಲಿ ಊರಿಗೆ ಕಳಿಸುವಂಥದ್ದು. ಅದು ತುಂಬಲು ತಿಂಗಳುಗಟ್ಟಲೆ ಬೇಕು. ಸೋಪು, ಟೂತ್‌ಪೇಸ್ಟು, ಡಬ್ಬಿ ಮಾಂಸ, ಮೇಡಂನ ಮಕ್ಕಳು ಬಿಟ್ಟ ಬೂಟು, ಕುತ್ತಿಗೆ ಸಡಿಲವಾದ ಬನಿಯನು. ಬೇರೆಯವರು ತಮ್ಮ ಮನೆಯವರಿಗೆ ಕಳಿಸಿದರೆ ಇವಳು ಊರಿಗೇ ಕಳಿಸುತ್ತಿದ್ದಳು. ಇದು ದೋಣಿ ಕಳೆದುಕೊಂಡವನ ಹೆಂಡತಿಗೆ, ಇದು ಶಾಲೆಯ ಗಂಟೆ ಹೊಡೆಯುವವನಿಗೆ, ಇದು ತನ್ನ ಅತ್ತೆಯ ಜೊತೆ ಜಗಳವಾಡಿದವಳಿಗೆ. ಒಂದನ್ನೂ ಬರೆದಿಡುತ್ತಿರಲಿಲ್ಲ, ಎಲ್ಲ ತಲೆಯಲ್ಲೇ.

"ಎಂತ ಮಾರಾಯ್ತಿ, ನಿನ್ನ ಊರಿನವರ ಮೈ ತೊಳೆಯುವ ಗುತ್ತಿಗೆ ಹಿಡಿದಿದ್ದೀಯಾ?" ಎಂದೆ ಒಮ್ಮೆ.

"ಆತೆ, ಮನೆಗೆ ಕಳಿಸಿದ್ರೆ ಮನೆಯವರು ಕಾಯ್ತಾರೆ. ಓಣಿಗೆ ಕಳಿಸಿದ್ರೆ ಓಣಿಯೇ ಕಾಯ್ತದೆ."

"ಕಾದು ಎಂತ ಮಾಡ್ತದೆ ಓಣಿ? ನಿಂಗೆ ಆರತಿ ಎತ್ತುತ್ತದಾ?"

ಅವಳು ನಕ್ಕು ಪೆಟ್ಟಿಗೆಯ ಮೂಲೆಯಲ್ಲಿ ಇನ್ನೊಂದು ಸೋಪು ತುರುಕಿದಳು. ನಾನು ಕೂಡಿಸಿದ್ದನ್ನೆಲ್ಲ ಮಗಳ ಓದಿಗೆ, ಮಗಳ ಚಿನ್ನಕ್ಕೆ ಹಾಕಿದೆ. ಹಾಕಬೇಕಾದದ್ದೇ. ಈಗ ಮಗಳು ನರ್ಸ್ ಆಗಿ ಕುವೈತಿನಲ್ಲೇ, ಮಂಗಫ್ ಎಂಬಲ್ಲಿ ಗಂಡನ ಜೊತೆ ಇದ್ದಾಳೆ.

ಶುಕ್ರವಾರ ಬಂದರೆ ಬಟ್ಟೆ ಒಗೆಯುವ ಕೋಣೆಯಲ್ಲಿ ಅವಳ ದರ್ಬಾರು. ಮಷಿನಿನ ಮೇಲೆ ಫೋನ್ ಒರಗಿಸಿಟ್ಟು, ಬಟ್ಟೆ ಮಡಚುತ್ತ, ಊರಿನ ನಲ್ಲಿ ನೀರಿನ ಜಗಳ ಬಿಡಿಸುತ್ತಿದ್ದಳು. ಇವರಿಗೆ ಬೈದು, ಅವರಿಗೆ ಬೈದು, ಕೊನೆಗೆ ಎರಡೂ ಕಡೆಯವರು ನಗುವ ಹಾಗೆ ಮಾಡಿ ಫೋನ್ ಇಡುವುದು. ಅವರ ಇಗರ್ಜಿಯಲ್ಲಿ ಮಗುವಿಗೆ ಹೆಸರಿಡುವಾಗ ಒಬ್ಬಳು ಧರ್ಮತಾಯಿ ಬೇಕು. ಊರಿನ ಅರ್ಧ ಮಕ್ಕಳಿಗೆ ಇವಳೇ ಧರ್ಮತಾಯಿ. ಇಲ್ಲಿಂದಲೇ ಒಪ್ಪಿಕೊಳ್ಳುವುದು, ಅಲ್ಲಿ ಇವಳ ಬದಲು ಇವಳ ತಂಗಿ ನಿಲ್ಲುವುದು.

ಅದೆಲ್ಲ ಅವಳ ಊರಿನದ್ದು, ನನಗೇನು ಎಂದು ಸುಮ್ಮನಿರಬಹುದಿತ್ತು. ಆದರೆ ಈ ಮನೆಯಲ್ಲೂ ಹಾಗೇ ಮಾಡಿದಳು. ನನ್ನ ಕೈಯಿಂದ ಬಿಟ್ಟರೆ ಬೇರೆಯವರ ಕೈಯಿಂದ ಗಂಜಿಯನ್ನೂ ಕುಡಿಯದ ಅಜ್ಜಿ ಅವಳ ಹೆಸರು ಹಿಡಿದು ಕರೆಯತೊಡಗಿದರು. ಡ್ರೈವರ್ ಅವಳಿಗೆ ಖರ್ಜೂರ ತಂದುಕೊಟ್ಟ. ಪಕ್ಕದ ಮನೆಯ ಕೆಲಸದವರು ಕಸ ಹಾಕುವ ನೆವದಲ್ಲಿ ಬಂದು ಅವಳ ಹತ್ತಿರ ಕಷ್ಟ ಹೇಳಿಕೊಂಡರು. ನಾನು ಅವಳಿಗಿಂತ ಎಷ್ಟೋ ಮೊದಲು ಬಂದವಳು, ನನ್ನ ಹತ್ತಿರ ಒಬ್ಬರೂ ಹೇಳಿಕೊಂಡದ್ದಿಲ್ಲ. ನಾನು ಕೇಳಿದವಳೂ ಅಲ್ಲ, ಅದು ಬೇರೆ.

ಹೀಗಿರುವಾಗ ಇಬ್ಬರಿಗೂ ಊರಿನಿಂದ ಕರೆ ಬಂತು, ಹೆಚ್ಚು ಕಡಿಮೆ ಒಂದೇ ಸಮಯಕ್ಕೆ.

ಅವಳ ಊರಿನಲ್ಲಿ ನಮ್ಮ ಪಂಚಾಯತಿಯಂಥದ್ದೇ ಒಂದು ಇದೆ, ಬರಂಗಾಯ್ ಎನ್ನುತ್ತಾರೆ. ಅದರ ಮೆಂಬರಿಗೆ ನಿಲ್ಲು ಎಂದು ಓಣಿಯವರು ಅವಳನ್ನು ಒತ್ತಾಯಿಸಿದರು. ನನ್ನ ಊರಿನಲ್ಲಿ ನಮ್ಮ ವಾರ್ಡು ಮಹಿಳಾ ಮೀಸಲಾಯಿತು. ಮೈದುನ ಫೋನ್ ಮಾಡಿದ.

"ಅತ್ತಿಗೆ, ನೀವು ನಿಲ್ಲಿ. ಹೆಸರು ಮಾತ್ರ ನಿಮ್ದು. ಕೆಲಸ ಎಲ್ಲ ನಾನು ನೋಡಿಕೊಳ್ತೇನೆ. ವಿಧವೆ, ಗಲ್ಫಿನಲ್ಲಿ ದುಡಿದವರು, ಜನಕ್ಕೆ ಪಾಪ ಅನಿಸ್ತದೆ."

ಪಾಪ ಅನಿಸಲಿಕ್ಕಾದರೂ ಆಗಲಿ, ನನ್ನನ್ನು ನೆನಪಿಸಿಕೊಂಡರಲ್ಲ ಎಂದು ಒಳಗೊಳಗೇ ಉಬ್ಬಿದೆ. ಹೇಳಿಕೊಳ್ಳಲು ಬೇರೆ ಯಾರಿದ್ದರು? ಅವಳಿಗೇ ಹೇಳಿದೆ. ನಗುತ್ತಾಳೆ ಎಂದುಕೊಂಡಿದ್ದೆ. ಅವಳು ಬಟ್ಟೆ ಮಡಚುವುದನ್ನು ನಿಲ್ಲಿಸಿದಳು.

"ಹೋಗು ಆತೆ. ಆದ್ರೆ ಕುರ್ಚಿಯಲ್ಲಿ ನೀನೇ ಕೂತ್ಕೊ. ಆ ಮೈದುನನಿಗೆ ಬಾಗಿಲ ಹೊರಗೆ ಒಂದು ಸ್ಟೂಲ್ ಹಾಕು."

ಮೇಡಂ ಹತ್ತಿರ ರಜೆ ಕೇಳಲು ಒಟ್ಟಿಗೇ ಹೋದೆವು. ಮೇಡಂ ಕೆಟ್ಟವರಲ್ಲ. ಆದರೆ ಇಬ್ಬರೂ ಒಂದೇ ಸಲ ಹೋದರೆ ಮನೆ ನಡೆಯುವುದು ಹೇಗೆ?

"ರಜೆ ಗಿಜೆ ಇಲ್ಲ. ಹೋದರೆ ಖಲಾಸ್. ಇಕಾಮಾ ಕ್ಯಾನ್ಸಲ್, ಬೇರೆಯವರನ್ನು ತರಿಸ್ತೇನೆ."

ಒಂದೇ ಮಾತು, ಇಬ್ಬರಿಗೂ. ನಾನು ಅಲ್ಲಿಂದ ನೇರ ಅಡುಗೆಮನೆಗೆ ಬಂದು ಈರುಳ್ಳಿ ಹೆಚ್ಚಿದೆ. ಮಗಳು ಆಗಿನ್ನೂ ಓದುತ್ತಿದ್ದಳು. ಇಕಾಮಾ, ಅಂದರೆ ಈ ದೇಶದಲ್ಲಿ ಇರುವ ಪರವಾನಗಿ, ಹೋದರೆ ಅವಳ ಓದೂ ಹೋಗುತ್ತಿತ್ತು. ಫಿಲಿಪೀನಿ ನೇರ ಕೋಣೆಗೆ ಹೋಗಿ ಪೆಟ್ಟಿಗೆಗೆ ಅಂಟುಪಟ್ಟಿ ಹಾಕಿದಳು. ಅವಳಿಗೂ ಮಕ್ಕಳಿದ್ದರು, ಇಬ್ಬರು.

ಹೊರಡುವಾಗ ನನ್ನನ್ನು ಅಪ್ಪಿಕೊಂಡಳು. ನಾನು ಕೈ ಒದ್ದೆ ಎಂದು ಹೇಳಿ ಬಿಡಿಸಿಕೊಂಡೆ.

ಹೋಗಿ ನಿಂತಳು, ಸೋತಳು. ಸುದ್ದಿ ತಿಳಿದ ದಿನ ನಾನು ಕಡಲೆಬೇಳೆ ಪಾಯಸ ಮಾಡಿದೆ. "ಏನು ವಿಶೇಷ?" ಎಂದು ಮೇಡಂ ಕೇಳಿದರು. "ಸುಮ್ಮನೆ, ಬೆಲ್ಲ ಹಾಳಾಗ್ತದೆ" ಎಂದೆ. ಎರಡು ಬಟ್ಟಲು ತಿಂದೆ. ನನ್ನ ಈರುಳ್ಳಿ ಅವಳ ಪೆಟ್ಟಿಗೆಗಿಂತ ಬುದ್ಧಿವಂತ ಎಂದು ಆ ದಿನ ಅನಿಸಿತ್ತು.

ಆದರೆ ಅವಳು ವಾಪಸ್ ಕುವೈತಿಗೆ ಬರಲಿಲ್ಲ. ಬಾಳೆಹಣ್ಣಿಗೆ ಸಕ್ಕರೆ ಹಾಕಿ ಹುರಿದು, ಕಡ್ಡಿಗೆ ಚುಚ್ಚಿ ಶಾಲೆಯ ಎದುರು ಮಾರುತ್ತ ಕೂತಳು. ಮುಂದಿನ ಚುನಾವಣೆಗೆ ಮತ್ತೆ ನಿಂತಳು, ಗೆದ್ದಳು. ಮೆಂಬರ್ ಆದಳು. ಆಮೇಲೆ ಬರಂಗಾಯ್‌ಗೇ ಮುಖ್ಯಸ್ಥೆ, ಆಮೇಲೆ ಪಟ್ಟಣದ ಕೌನ್ಸಿಲರ್, ಆಮೇಲೆ ಮೇಯರ್. ಪ್ರತಿ ಸಲವೂ ಫೋಟೊ ಕಳಿಸುತ್ತಿದ್ದಳು. ಯಾರದೋ ಶವದ ಮುಂದೆ ನಿಂತದ್ದು, ಯಾರದೋ ಮಗು ಎತ್ತಿಕೊಂಡದ್ದು, ಬಾಸ್ಕೆಟ್‌ಬಾಲ್ ಮೈದಾನಕ್ಕೆ ರಿಬ್ಬನ್ ಕತ್ತರಿಸಿದ್ದು, ವೇದಿಕೆಯಲ್ಲಿ ಮೈಕು ಹಿಡಿದು ಕುಣಿದದ್ದು. ಅವರಲ್ಲಿ ಓಟು ಕೇಳುವವರು ಹಾಡಲೂಬೇಕಂತೆ. ನನ್ನ ಹೊಟ್ಟೆ ಉರಿಸಲಿಕ್ಕೇ ಕಳಿಸುತ್ತಾಳೆ ಎಂದು ಮಗಳಿಗೆ ಹೇಳಿದರೆ, "ಅಮ್ಮ, ಶಿ ಲೈಕ್ಸ್ ಯು" ಎಂದಳು. ಇವಳಿಗೆ ಎಂತ ಗೊತ್ತು.

ಅವಳು ದೇವತೆಯೇನೂ ಅಲ್ಲ. ಆಗದ ಕೆಲಸಕ್ಕೂ ಆಯಿತು ಎನ್ನುವ ಬಾಯಿ ಅವಳದು. ಈ ಮನೆಯಲ್ಲಿದ್ದಾಗ ಒಂದೇ ಶುಕ್ರವಾರಕ್ಕೆ ಮೂರು ಮಂದಿಗೆ ಬರುತ್ತೇನೆ ಎಂದು ಹೇಳಿ, ಮೂವರನ್ನೂ ಕಾಯಿಸಿದವಳು. ತಾನು ಮೇಲೆ ಹೋಗುವಾಗ ಬರಂಗಾಯ್‌ನ ಕುರ್ಚಿಯಲ್ಲಿ ತಮ್ಮನನ್ನು ಕೂರಿಸಿದಳು. ಅಲ್ಲಿಯೂ ಅಷ್ಟೇ, ತಮ್ಮಂದಿರ, ಮೈದುನಂದಿರ ಜಾತಿ ಎಲ್ಲ ಕಡೆಯೂ ಒಂದೇ.

ನಮ್ಮ ವಾರ್ಡಿನಲ್ಲಿ ನನ್ನ ಬದಲು ಮೈದುನನ ಹೆಂಡತಿ ನಿಂತಳು, ಗೆದ್ದಳು. ಸಭೆಗೆ ಮೈದುನ ಹೋದ, ಸಹಿ ಅವಳು ಹಾಕಿದಳು. ಕಾಂಕ್ರೀಟು ರಸ್ತೆಯ ಕಲ್ಲಿನ ಮೇಲೆ ಅವಳ ಹೆಸರಿದೆ. ಊರಿಗೆ ಹೋದಾಗೆಲ್ಲ ಆ ಕಲ್ಲನ್ನು ದಾಟಿಯೇ ಮನೆಗೆ ಹೋಗಬೇಕು. ಊರಿಗೆ ಹೋಗುವುದಾದರೂ ಎಂಥದ್ದು, ಮೇಡಂ ಮಕ್ಕಳ ಜೊತೆ ಬೇರೆ ದೇಶ ತಿರುಗಲು ಹೋದಾಗ ನನಗೆ ರಜೆ. ನನಗೆ ಬೇಕಾದಾಗ ಅಲ್ಲ.

ಈಚೆಗೆ ಅವಳು ರಾಜಧಾನಿಯ ದೊಡ್ಡ ಸಭೆಗೇ ಆರಿಸಿ ಬಂದಳು, ನಮ್ಮ ಪಾರ್ಲಿಮೆಂಟಿನಂಥದ್ದು. ಇಲ್ಲಿರುವ ತಮ್ಮ ದೇಶದ ಕೆಲಸದವರ ಕಷ್ಟ ಕೇಳುವ ತಂಡದ ಜೊತೆ ಕುವೈತಿಗೆ ಬಂದಾಗ, ಹಳೆಯ ಮನೆಯನ್ನು ನೋಡಬೇಕು ಎಂದು ಹೇಳಿ ಕಳಿಸಿದಳು. ಮೇಡಂಗೆ ಸಂಭ್ರಮವೋ ಸಂಭ್ರಮ. ಅಜ್ಜಿ ತೀರಿಹೋಗಿ ವರ್ಷಗಳಾಗಿದ್ದವು. ಅವರ ಕಾಲದ ಕಾಫಿ ಪಾತ್ರೆಯನ್ನು ಕಪಾಟಿನಿಂದ ಇಳಿಸಿದರು. ನಾದಿನಿಯರನ್ನು ಕರೆಸಿದರು. "ಮಜ್ಬೂಸ್ ಮಾಡು, ಕುರಿಯದ್ದು, ಮೇಲೆ ದ್ರಾಕ್ಷಿ ಈರುಳ್ಳಿ ಜಾಸ್ತಿ ಇರಲಿ" ಎಂದರು. ಬೆಳಿಗ್ಗೆಯಿಂದ ನಿಂತು ಅನ್ನ, ಮಾಂಸ ಬೇಯಿಸಿದೆ, ನನ್ನ ಜೊತೆ ಅದೇ ಕೋಣೆಯಲ್ಲಿ ಮಲಗಿದವಳಿಗೆ.

ಎರಡು ಕಾರಿನಲ್ಲಿ ಬಂದಳು. ಕೂದಲು ಕತ್ತರಿಸಿ ಬಾಚಿದ್ದಳು, ದಪ್ಪ ಆಗಿದ್ದಳು, ಕಾಲಿಗೆ ಹಿಮ್ಮಡಿ ಎತ್ತರದ ಬೂಟು. ಖಲಾಸ್ ಎಂದು ಹೇಳಿದ ಮೇಡಂ ಅವಳ ಕೈ ಹಿಡಿದು ತಮ್ಮ ಪಕ್ಕ ಸೋಫಾದಲ್ಲಿ ಕೂರಿಸಿಕೊಂಡರು. ನಾನು ಕಾಫಿ ಕೊಡಲು ಹೋದಾಗ ಎದ್ದು ನಿಂತು, "ಇವರು ನನ್ನ ಆತೆ" ಎಂದು ಎಲ್ಲರಿಗೂ ಹೇಳಿದಳು. ಎಲ್ಲರೂ ನನ್ನನ್ನು ನೋಡಿದರು. ತಟ್ಟೆ ಹಿಡಿದವಳನ್ನು ನೋಡಿ ಎಂತ ಮಾಡುವುದು? ನೋಡಿ, ಕಾಫಿ ತೆಗೆದುಕೊಂಡರು.

ಊಟದ ಮೇಲೆ ಅಡುಗೆಮನೆಗೆ ಬಂದಳು, ಹಿಂದೆ ಕ್ಯಾಮೆರಾದವನು. ನನ್ನ ಒಲೆಯ ಪಕ್ಕ ನಿಂತು, ಹೊಗೆಗೆ ಕಣ್ಣು ಉಜ್ಜುವವಳ ಹಾಗೆ ಏನೋ ಹೇಳತೊಡಗಿದಳು.

"ಎಂತ ಹೇಳ್ತಿದ್ದೀ ಅವನಿಗೆ?"

"ಇಲ್ಲಿ ನಿಂತು ಎಷ್ಟೋ ದಿನ ಅತ್ತಿದ್ದೆ ಅಂತ."

"ನೀನು ಅತ್ತದ್ದು ಯಾವಾಗ? ಇಡೀ ದಿನ ಫೋನಿನಲ್ಲಿ ಹಲ್ಲು ಕಿರಿಯುತ್ತಿದ್ದೆ. ಅತ್ತದ್ದು ನಾನು."

ಅವಳು ಹೊಟ್ಟೆ ಹಿಡಿದು ನಕ್ಕಳು. ಕ್ಯಾಮೆರಾದವನನ್ನು ಹೊರಗೆ ಕಳಿಸಿ, ಬೂಟು ಕಳಚಿ, ಈರುಳ್ಳಿ ಚೀಲದ ಮೇಲೆ ಕೂತಳು. ಪಾತ್ರೆಯ ತಳ ಹಿಡಿದ ಅನ್ನವನ್ನು ಬೆರಳಿನಿಂದ ಕೆರೆದು ತಿಂದಳು.

"ನಿನ್ನ ವಾರ್ಡಿಗೆ ಮತ್ತೆ ಎಲೆಕ್ಷನ್ ಯಾವಾಗ?"

"ಬರ್ತಾ ಉಂಟು. ಈ ಸಲವೂ ಮಹಿಳಾ ಮೀಸಲಂತೆ. ಮೈದುನ ಹೆಂಡತಿಗೆ ಆಗಲೇ ಹೊಸ ಸೀರೆ ತಂದಿದ್ದಾನೆ."

"ನಿಲ್ಲು."

"ನಿಂತು? ಸೋತರೆ ಎಲ್ಲಿಗೆ ಬರುವುದು ನಾನು? ಮೇಡಂ ಬಾಯಿಯಲ್ಲಿ ಖಲಾಸ್ ಇನ್ನೂ ಹಾಗೇ ಉಂಟು. ಈ ವಯಸ್ಸಿನಲ್ಲಿ ಮಗಳ ಮನೆಯ ಸೋಫಾದಲ್ಲಿ ಮಲಗಲಾ?"

ಅವಳು ಬೆರಳು ಒರೆಸಿಕೊಂಡು ಎದ್ದಳು. ಬೂಟು ಹಾಕಿಕೊಂಡು ಹೊರಗೆ ಹೋದಳು. ಹೊರಡುವ ಹೊತ್ತಿಗೆ ಮೇಡಂ ದೊಡ್ಡ ಮನಸ್ಸಿನಿಂದ, "ಈ ಮನೆಯಿಂದ ನಿನಗೇನು ಬೇಕು ಕೇಳು" ಎಂದರು. ಅದು ಇಲ್ಲಿಯವರ ಮರ್ಯಾದೆಯ ಮಾತು. ಬಂದ ನೆಂಟರು ಏನೂ ಬೇಡ ಎನ್ನಬೇಕು, ಬಹಳ ಆದರೆ ಒಂದು ಡಬ್ಬಿ ಖರ್ಜೂರ ಹಿಡಿದುಕೊಂಡು ಹೋಗಬೇಕು. ಇವಳು ನಾದಿನಿಯರೆಲ್ಲ ಕೇಳುವ ಹಾಗೆ, ಕ್ಯಾಮೆರಾ ನಡೆಯುತ್ತಿರುವಾಗಲೇ ಕೇಳಿಯೇಬಿಟ್ಟಳು.

"ಆತೆ ಕೇಳಿದಾಗ ರಜೆ ಕೊಡಿ. ವಾಪಸ್ ಬಂದಾಗ ಈ ಅಡುಗೆಮನೆ ಅವರದ್ದೇ ಇರಲಿ."

ನೆಂಟರೆದುರು ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ಮೇಡಂ ನಗುಮುಖದಲ್ಲೇ, "ಆಯಿತು, ನನ್ನ ತಲೆಯ ಮೇಲೆ" ಎಂದರು. ಮನಸಾರೆ ಒಪ್ಪಿದೆ ಎನ್ನಲು ಇಲ್ಲಿಯವರು ಹಾಗೆ ಹೇಳುವುದು. ಇಷ್ಟು ಕಾಲ ನಾನು ಈರುಳ್ಳಿ ಹೆಚ್ಚಿಯೂ ಪಡೆಯಲಾಗದ್ದನ್ನು ಒಂದು ಕಪ್ ಕಾಫಿ ಕುಡಿದು ಕೊಡಿಸಿದಳು. ಕೊಡಿಸು ಎಂದು ನಾನು ಕೇಳಿರಲಿಲ್ಲ. ಕಾರು ಹೋದ ಮೇಲೆ ಪಾತ್ರೆ ತಿಕ್ಕುವಾಗ ಒಂದು ಗಾಜಿನ ಲೋಟ ಒಡೆಯಿತು.

ಆದರೂ ರಜೆ ಹಾಕಿ ಹೋದೆ. ಅವಳಿಗೆ ಆದದ್ದು ನನಗೇಕೆ ಆಗಬಾರದು ಎಂಬ ಹಟ, ಬೇರೇನಿಲ್ಲ. ಮೈದುನನ ಹೆಂಡತಿಯ ಎದುರೇ ನಾಮಪತ್ರ ಹಾಕಿದೆ. "ಅತ್ತಿಗೆಗೆ ಅರಬರ ಬಿಸಿಲಿಗೆ ತಲೆ ಕಾದಿದೆ" ಎಂದು ಮೈದುನ ಊರೆಲ್ಲ ಹೇಳಿದ. ಮನೆಮನೆಗೆ ಹೋದೆ. ಒಂದು ಮನೆಯಲ್ಲಿ ಮುದುಕಿಯೊಬ್ಬಳು ನೀರು ಕೊಟ್ಟು, "ನೀನು ಯಾರ ಪೈಕಿ ಮಗಾ?" ಎಂದು ಕೇಳಿದಳು. ನನ್ನದೇ ಓಣಿಯವಳು. ಸೋತೆ, ಚೆನ್ನಾಗಿಯೇ ಸೋತೆ.

ವಾಪಸ್ ಬಂದ ದಿನ ಮೇಡಂ ಬಾಗಿಲಲ್ಲಿ, "ಬಂದೆಯಾ? ಮಧ್ಯಾಹ್ನಕ್ಕೆ ಮೀನು ಇದೆ" ಎಂದಷ್ಟೇ ಹೇಳಿದರು. ನನ್ನ ಒಲೆ, ನನ್ನ ಕತ್ತಿ, ಎಲ್ಲ ಇಟ್ಟಲ್ಲೇ ಇದ್ದವು.

ಆ ವಾರ ಅವಳ ಫೋನ್ ಬಂತು. ಹೇಗೋ ಗೊತ್ತಾಗಿತ್ತು ಅವಳಿಗೆ.

"ಎಷ್ಟು ಮನೆಗೆ ಹೋದೆ, ಆತೆ?"

"ಎಲ್ಲ ಮನೆಗೂ."

"ಮತ್ತೆ ಹೋಗ್ತೀಯಾ?"

"ಮುಚ್ಚು ಬಾಯಿ" ಎಂದು ಫೋನ್ ಇಟ್ಟೆ. ಥ್ಯಾಂಕ್ಸ್ ಎಂದು ನಾನು ಅವಳಿಗೆ ಈವರೆಗೆ ಹೇಳಿಲ್ಲ. ಗೆದ್ದಿದ್ದರೆ ಹೇಳುತ್ತಿದ್ದೆನೋ ಏನೋ. ಅವಳ ಕುರ್ಚಿ, ಕಾರು, ಕ್ಯಾಮೆರಾ ಎಲ್ಲ ಇರಲಿ, ಅದನ್ನೆಲ್ಲ ನೋಡಿ ಹೊಟ್ಟೆ ಉರಿದು ಉರಿದು ಈಗ ಅಭ್ಯಾಸ ಆಗಿದೆ. ಅಷ್ಟು ಎತ್ತರದಲ್ಲಿ ಕೂತೂ ನಾನೂ ಒಬ್ಬಳು ಹತ್ತಲಿ ಎಂದು ಅನಿಸುವಷ್ಟು ಒಳ್ಳೆತನ ಅವಳಲ್ಲಿ ಇನ್ನೂ ಉಳಿದಿದೆಯಲ್ಲ, ಅದೊಂದನ್ನು ಮಾತ್ರ ನನಗೆ ಸಹಿಸಲಿಕ್ಕೆ ಆಗುವುದಿಲ್ಲ.