ಇಲ್ಲದ ಮರವನ್ನು ಬಳಸಿ ಹೋದ ದಾರಿ

ನಗರದ ಉದ್ಯಾನ ಇಲಾಖೆಯಲ್ಲಿ ಅವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಹೊಸ ಪಾರ್ಕಿನಲ್ಲಿ ಕಾಲುದಾರಿ ಬರುವ ಕಡೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವುದು, ಆಮೇಲೆ ಆ ಗೆರೆ ಹಿಡಿದು ಕಲ್ಲು ಚಪ್ಪಡಿ ಕೂರಿಸುವುದು, ಮೂವತ್ತೊಂದು ವರ್ಷದಿಂದ ಅವನಿಗೆ ಇದೇ ಕೆಲಸ. ನಕ್ಷೆಯ ಮಾತು ಮಾತ್ರ ಕೇಳುವವನಲ್ಲ. ಮೊದಲು ಹುಲ್ಲು ಬೆಳೆಸಬೇಕು, ನಾಲ್ಕು ತಿಂಗಳು ಜನರನ್ನು ಬೇಕಾದ ಹಾಗೆ ಓಡಾಡಲು ಬಿಡಬೇಕು, ಅವರ ಕಾಲು ಎಲ್ಲಿ ಹುಲ್ಲು ಸವೆಸುತ್ತದೋ ಅಲ್ಲಿ ಕಲ್ಲು. “ನಕ್ಷೆ ಬರೆಯೋರು ಕೂತ್ಕೊಂಡು ಬರೀತಾರೆ. ದಾರಿ ಎಲ್ಲಿದೆ ಅಂತ ನಡೆಯೋರಿಗೆ ಗೊತ್ತು” ಎನ್ನುತ್ತಿದ್ದ. ಅನುಭವದಿಂದ ಒಪ್ಪಿದ ಇಲಾಖೆ ಅದನ್ನೇ ನಿಯಮ ಮಾಡಿಕೊಂಡಿತ್ತು. ಉಳಿದಂತೆ ಅವನು ಬಾಯಿದ್ದೂ ಮೂಗ.

ಆಸ್ಪತ್ರೆಯ ಹಿಂದಿನ ಖಾಲಿ ಮೈದಾನವನ್ನು ಪಾರ್ಕು ಮಾಡುವ ತೀರ್ಮಾನವಾದಾಗ ಅವನ ಅಕ್ಕ ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪ ಅಮ್ಮ ಇಲ್ಲದ ಇವನನ್ನು ಎತ್ತಿ ಆಡಿಸಿ ಸಾಕಿದವಳು ಅವಳು. ಆಸ್ಪತ್ರೆಯ ಬಟ್ಟೆ ಒಗೆಯಲು ನಲವತ್ತು ವರ್ಷ ಇದೇ ಮೈದಾನವನ್ನು ಓರೆಯಾಗಿ ಹಾಯ್ದು ಹೋದವಳು. “ಸುತ್ತು ರಸ್ತೆ ಏನಿದ್ರೂ ಕೆಲಸ ಇಲ್ಲದೋರಿಗೆ ಕಣೋ” ಎಂದು ನಗುತ್ತಿದ್ದಳು. ಕೊನೆಯ ದಿನ ಅದೇ ಆಸ್ಪತ್ರೆಯ ಹಾಸಿಗೆಯಲ್ಲಿ ಅವಳು ತಮ್ಮ ಬಂದನೇ ಎಂದು ಕೇಳುತ್ತಿದ್ದರೆ, ಇವನು ಒಂದು ಚಪ್ಪಡಿ ಸಮ ಮಾಡಿ ಮುಗಿಸಿಯೇ ಹೊರಡೋಣವೆಂದು ತಡಮಾಡಿದ್ದ. ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು. ಆ ಸಂಕಟವನ್ನು ಅವನು ಯಾರಿಗೂ ಹೇಳಿರಲಿಲ್ಲ.

ಮೈದಾನ ಸಮ ಮಾಡಿ, ಹುಲ್ಲು ಬಿತ್ತಿ, ಸುತ್ತ ತಗಡು ಹೊಡೆದು ಬೀಗ ಹಾಕಿದರು. ಹುಲ್ಲು ಬೇರು ಬಿಡುವ ತನಕ ಯಾರೂ ಕಾಲಿಡುವಂತಿಲ್ಲ. ಆರನೇ ವಾರ ಗೆರೆಯಣ್ಣ ಬೀಗ ತೆಗೆದು ನೋಡಿದರೆ ಹುಲ್ಲಿನ ಮೇಲೆ ಆಗಲೇ ಒಂದು ದಾರಿ ಬಿದ್ದಿತ್ತು. ಒಂದಡಿ ಅಗಲ, ಗೇಟಿನಿಂದ ಆಸ್ಪತ್ರೆಯ ಕಡೆಗೆ, ಓರೆಯಾಗಿ.

ಕಾವಲುಗಾರನನ್ನು ತರಾಟೆಗೆ ತೆಗೆದುಕೊಂಡ.

“ಒಂದು ನರಪಿಳ್ಳೆ ಒಳಗೆ ಹೋಗಿಲ್ಲ ಅಣ್ಣಾ, ನನ್ನ ಮಕ್ಕಳಾಣೆ.”

“ಹಂಗಾದ್ರೆ ನಾಯಿ ಓಡಾಡಿರಬೇಕು.”

“ಎಲ್ಲಿಯ ನಾಯಿ? ತಿಂಗಳಿಂದ ಒಂದು ನಾಯೀನೂ ಈ ಗೇಟಿನ ಹತ್ರ ಸುಳೀತಿಲ್ಲ” ಎಂದ ಕಾವಲುಗಾರ. ಹೇಳಿದ ಮೇಲೆ ಅವನಿಗೇ ಆ ಮಾತು ಹಿಡಿಸಲಿಲ್ಲ. ಬೀಡಿ ಹಚ್ಚುವ ನೆಪದಲ್ಲಿ ಆಚೆ ಹೋದ.

ಗೆರೆಯಣ್ಣ ಆ ದಾರಿ ಹಿಡಿದು ನಡೆದ. ನಡುವೆ, ಅಂಗೈಯ ಹಾಗೆ ಸಮವಾದ ನೆಲದಲ್ಲಿ, ದಾರಿ ಸುಮ್ಮಸುಮ್ಮನೆ ಎಡಕ್ಕೆ ಬಾಗಿ, ಅರ್ಧ ಸುತ್ತು ಹಾಕಿ, ಮತ್ತೆ ನೆಟ್ಟಗಾಗಿತ್ತು. ಅವನು ಅಲ್ಲೇ ನಿಂತ. ಹಿಂದೆ ಅಲ್ಲೊಂದು ದೊಡ್ಡ ಮರವಿತ್ತು. ಕಡಿದು ಹದಿನಾಲ್ಕು ವರ್ಷ. ಬೇರನ್ನೂ ಅಗೆದು ಹಾಕಿದ್ದರು. ನಕ್ಷೆಯಲ್ಲಿ ಅದರ ಗುರುತೇ ಇಲ್ಲ. ಇಲ್ಲದ ಮರವನ್ನು ಬಳಸಿ ಹೋಗಬೇಕಾದರೆ ಅದು ಇದ್ದಾಗ ನಡೆದು ಅಭ್ಯಾಸವಾದ ಕಾಲೇ ಆಗಬೇಕು.

ಹಗಲು ಹನ್ನೊಂದು ಗಂಟೆ, ಗಾಳಿಯಿಲ್ಲ. ಅವನು ನೋಡುತ್ತಿದ್ದಂತೆ ನಾಲ್ಕು ಮಾರು ಮುಂದೆ ಒಂದು ಹಿಡಿ ಹುಲ್ಲು ಮೆಲ್ಲಗೆ ಮಲಗಿತು. ಅದರಾಚೆ ಇನ್ನೊಂದು ಹಿಡಿ.

“ಅಕ್ಕಾ” ಎಂದ.

ಹುಲ್ಲು ಮಲಗುವುದು ನಿಂತಿತು. ಇವನು ಉಸಿರು ಬಿಡುವ ತನಕ ನಿಂತೇ ಇತ್ತು. ಆಮೇಲೆ ಮತ್ತೆ ಆಸ್ಪತ್ರೆಯ ಕಡೆಗೆ ಮಲಗುತ್ತ ಹೋಯಿತು. ಹೆದರಿಕೆಯಿಂದ ಅವನ ಮೈ ಬೆವರಿತ್ತು, ಆದರೆ ಎರಡು ವರ್ಷದಲ್ಲಿ ಅಷ್ಟು ಸಂತೋಷ ಅವನಿಗೆ ಆಗಿರಲಿಲ್ಲ.

ಪಾರ್ಕಿನ ಹೊಣೆ ಹೊತ್ತ ಇಂಜಿನಿಯರಮ್ಮ ಚಿಕ್ಕ ವಯಸ್ಸಿನವಳು, ಕೆಲಸದಲ್ಲಿ ಚುರುಕು. ಅವಳ ನಕ್ಷೆಯಲ್ಲಿ ಆ ದಾರಿ ಬಿದ್ದ ಜಾಗಕ್ಕೆ ಮಕ್ಕಳ ಜಾರುಬಂಡೆ. ಹೊಸ ಹುಲ್ಲು ಹಾಸಿಸಿದಳು. ಎಂಟು ದಿನಕ್ಕೆ ದಾರಿ ಮತ್ತೆ ಬಿತ್ತು. ಇನ್ನೊಮ್ಮೆ ಹಾಸಿಸಿದಳು, ಮತ್ತೆ ಬಿತ್ತು.

“ಇನ್ನು ಇದಕ್ಕೆ ಅಡ್ಡ ಮುಳ್ಳಿನ ಗಿಡಾನೇ ನೆಡ್ಸೋದು. ಯಾರು ಬರ್ತಾರೋ ನೋಡೇಬಿಡೋಣ” ಎಂದಳು.

ಗೆರೆಯಣ್ಣ ಹುಲ್ಲಿನ ದಾರಿಯ ಕಡೆ ನೋಡಿದ. ಒಮ್ಮೆ ಕಾಯಿಸಿದ್ದು ಸಾಲದೆ ಈಗ ಮುಳ್ಳಿನ ಮುಂದೆ ನಿಲ್ಲಿಸುವುದೇ ಅಕ್ಕನನ್ನು? ಜೀವಮಾನದಲ್ಲಿ ಮೊದಲ ಸಲ ಅವನು ಮೇಲಿನವರ ಎದುರು ಸುಳ್ಳು ಹೇಳಿದ.

“ಮೇಡಂ, ತಗಡು ಸರಿಸ್ಕೊಂಡು ಜನ ಬರ್ತಿದ್ದಾರೆ. ನಾನೇ ಕಣ್ಣಾರೆ ಕಂಡಿದ್ದೀನಿ. ಜನ ನಡೆದ ದಾರಿಗೆ ಕಲ್ಲು ಹಾಕ್ಬೇಕು ಅಂತ ನಮ್ಮ ನಿಯಮಾನೇ ಇದೆಯಲ್ಲ.”

ನಿಯಮದ ಮುಂದೆ ಅವಳೇನು ಮಾಡಿಯಾಳು? ಜಾರುಬಂಡೆ ಆಚೆ ಮೂಲೆಗೆ ಹೋಯಿತು.

ಆ ದಾರಿಗೆ ಅವನು ಬೇರೆಯವರ ಕೈ ಸೋಕಿಸಲಿಲ್ಲ. ಕೆಳಗೆ ಜಲ್ಲಿ, ಮೇಲೆ ಮರಳು, ಅದರ ಮೇಲೆ ಗಾರೆ. ಚಪ್ಪಡಿ ಚಪ್ಪಡಿಗೂ ರಸಮಟ್ಟ ಇಟ್ಟು ನೋಡಿದ. ಬಾಗು ಬಂದ ಕಡೆ ಇವನೂ ಬಾಗಿಸಿದ. “ಅಣ್ಣಂಗೆ ಮಧ್ಯಾಹ್ನಾನೇ ಏರಿದೆ” ಎಂದು ಗಾರೆಯವರು ನಕ್ಕರು. ಮುಗಿದ ದಿನ ಅವನು ಕಲ್ಲನ್ನು ಅಂಗೈಯಿಂದ ಸವರಿ, “ಇನ್ನು ಯಾರೂ ಅಳಿಸೋಕೆ ಆಗಲ್ಲ” ಎಂದುಕೊಂಡ.

ಮರುದಿನ ಬೆಳಗ್ಗೆ ಬಂದು ಗೇಟಿನ ಬಳಿ ನಿಂತ. ಕಲ್ಲು ಬರೀ ಕಲ್ಲಾಗಿ ಬಿದ್ದಿತ್ತು. ಮಲಗುವುದಕ್ಕೆ ಅಲ್ಲಿ ಹುಲ್ಲೇ ಇರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಅಕ್ಕ ಬಂದಳೋ ಇಲ್ಲವೋ ಹೇಳುವಂಥದ್ದು ಒಂದೂ ಉಳಿದಿರಲಿಲ್ಲ. ಒಂದು ವಾರ ಹಾಗೇ ಕಾದ. ಆಮೇಲೆ ಪಾರ್ಕು ಜನರಿಗೆ ತೆರೆಯಿತು.

ಆ ಸಂಜೆಯೇ ಅವನು ಇಂಜಿನಿಯರಮ್ಮನ ಮುಂದೆ ಕೈ ಮುಗಿದ. “ಒಂದೇ ಒಂದು ಚಪ್ಪಡಿ ಕಿತ್ತು ಅಲ್ಲಿ ಹುಲ್ಲು ಬಿಡೋಣ ಮೇಡಂ.”

“ಏನಣ್ಣ ನೀವು! ಇಡೀ ನಗರದಲ್ಲೇ ಇಂಥ ಕೆಲಸ ಇಲ್ಲ ಅಂತ ದೊಡ್ಡ ಸಾಹೇಬರು ಹೊಗಳಿದ್ದಾರೆ. ಕೀಳಬೇಕು ಅಂದ್ರೂ ಹಾರೆಗೆ ಸಂದೇ ಸಿಗಲ್ಲ, ಹಂಗೆ ಕೂರ್ಸಿದ್ದೀರಿ” ಎಂದು ನಗುತ್ತ ಹೋದಳು.

ಗೆರೆಯಣ್ಣ ದಾರಿಯ ಪಕ್ಕದ ಬೆಂಚಿನ ಮೇಲೆ ಕುಸಿದು, ಎರಡು ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಕಲ್ಲಿನ ಮೇಲೆ ಜನ ಕಿಕ್ಕಿರಿದು ನಡೆಯುತ್ತಿದ್ದರು. ಅವನ ಮುಂದೆ ಬಂದಾಗ ಮಾತ್ರ ಅವರು ಯಾಕೋ ಮಾತು ನಿಲ್ಲಿಸಿ, ಅತ್ತಿತ್ತ ಸರಿದು, ಒಬ್ಬರು ನಿಲ್ಲುವಷ್ಟು ಜಾಗ ಬಿಟ್ಟು ಮುಂದೆ ಹೋಗುತ್ತಿದ್ದರು. ಎಷ್ಟೋ ಹೊತ್ತು ಆ ಜಾಗ ಹಾಗೇ ಇತ್ತು. ಅವನು ಮುಖದಿಂದ ಕೈ ತೆಗೆಯಲೇ ಇಲ್ಲ.