ಗಾಜಿನಾಚೆಯ ಅಂಗೈ

ನಮ್ಮ ಅತ್ತೆ ಗಾಳಿ, ದೆವ್ವ, ದೃಷ್ಟಿ ಎಂದು ಮಾತು ತೆಗೆದರೆ ನಾನು ಎದ್ದು ಪಾತ್ರೆ ತೊಳೆಯಲು ಹೋಗುತ್ತಿದ್ದೆ. ಅಂಥದ್ದನ್ನು ನಂಬುವ ಹೆಂಗಸು ನಾನಲ್ಲ. ಆದರೆ ಕೆಲವು ವರ್ಷಗಳ ಹಿಂದೆ, ಹಾಡಹಗಲೇ, ಗೋವಾದ ವೆರ್ಣಾದಲ್ಲಿ ನಾನು ಕೆಲಸಕ್ಕಿದ್ದ ಔಷಧಿ ಕಾರ್ಖಾನೆಯಲ್ಲಿ ಕಂಡದ್ದನ್ನು ಕಂಡಿಲ್ಲ ಎಂದರೆ ಸುಳ್ಳಾಗುತ್ತದೆ.

ನನ್ನ ಗಂಡ ಬಂದರಿನಲ್ಲಿ ಹಮಾಲಿ ಮಾಡುತ್ತಿದ್ದವರು. ಕಬ್ಬಿಣದ ಹಗ್ಗಕ್ಕೆ ಸಿಕ್ಕಿ ಬಲಗೈಯ ಉಂಗುರದ ಬೆರಳು ಅರ್ಧ ಹೋಗಿದೆ. ಅದಕ್ಕೆ ಹೆದರದ ಮನುಷ್ಯ ಕಿಡ್ನಿ ಕೆಡುತ್ತಿದೆ ಎಂದಾಗ ಕುಸಿದು ಕೂತರು. ದವಾಖಾನೆಯಲ್ಲಿ ಹೊಸ ಗುಳಿಗೆಯೊಂದರ ಪರೀಕ್ಷೆ ನಡೆದಿತ್ತು, ಅದಕ್ಕೆ ಸೇರಿಸಿಕೊಂಡರು. ಮೊದಲು ಕ್ಯಾನ್ಸರಿಗೆಂದು ನೋಡಿದ್ದ ಔಷಧಿಯಂತೆ. ರಕ್ತದಲ್ಲಿರುವ ಒಂದು ವಸ್ತು ತನ್ನ ಜಾಗದಲ್ಲಿ ಬಂದು ಕೂತರೆ ರಕ್ತನಾಳ ಬಿಗಿದು ಕಿಡ್ನಿ ಸವೆಯುತ್ತದೆ, ಈ ಗುಳಿಗೆ ಮೊದಲೇ ಹೋಗಿ ಆ ಜಾಗ ಹಿಡಿಯುತ್ತದೆ ಎಂದರು ಡಾಕ್ಟರಮ್ಮ. ಬಸ್ಸಿನಲ್ಲಿ ಟವೆಲ್ ಹಾಕಿ ಸೀಟು ಹಿಡಿದಂತೆ ಎಂದು ನಾನು ತಿಳಿದುಕೊಂಡೆ. ಆದರೆ ಅರ್ಧ ಜನಕ್ಕೆ ಮಾತ್ರ ನಿಜವಾದ ಗುಳಿಗೆ. ಉಳಿದವರಿಗೆ ನೋಡಲು ಹಾಗೇ ಇರುವ ಹುಸಿ ಗುಳಿಗೆ. ಯಾರಿಗೆ ಯಾವುದೆಂದು ಡಾಕ್ಟರಿಗೂ ಗೊತ್ತಿಲ್ಲ.

ದಿನಾ ಬೆಳಿಗ್ಗೆ ನಮ್ಮವರದು ಒಂದೇ ಪ್ರಶ್ನೆ.

“ಇದು ಖರೇದೋ, ಹುಸೀದೋ?”

“ಖರೇದ ಐತಿ, ನುಂಗ್ರಿ.”

ಹೇಳುವಾಗ ಅವರ ಮುಖ ನೋಡುತ್ತಿರಲಿಲ್ಲ. ಯಾಕೆಂದರೆ ಆ ಹುಸಿ ಗುಳಿಗೆಯ ಬಾಟಲಿಗಳು ತುಂಬುತ್ತಿದ್ದುದು ನಮ್ಮದೇ ವಿಭಾಗದಲ್ಲಿ. ಅವುಗಳ ನಂಬರಿನ ಪಟ್ಟಿ ಒಂದು ಫೈಲಿನಲ್ಲಿರುತ್ತಿತ್ತು. ನಮ್ಮವರ ಬಾಟಲಿಯ ನಂಬರು ನನಗೆ ಬಾಯಿಪಾಠ. ಅದು ಪಟ್ಟಿಯಲ್ಲಿದ್ದರೆ ಅವರನ್ನು ಪರೀಕ್ಷೆಯಿಂದ ಬಿಡಿಸಿ ಹುಬ್ಬಳ್ಳಿಗೋ ಬೆಳಗಾವಿಗೋ ಕರೆದೊಯ್ಯಬೇಕೆಂದು ನಿಶ್ಚಯಿಸಿದೆ.

ಬಾಟಲಿ ತುಂಬುವ ಒಳಕೋಣೆಗೂ ಹೊರಗಿನ ಓಣಿಗೂ ನಡುವೆ ಗೂಡಿನಂಥ ಜಾಗವಿದೆ. ಎರಡು ಬಾಗಿಲು, ಎರಡಕ್ಕೂ ಗಾಜು. ಒಂದು ತೆರೆದಿದ್ದರೆ ಇನ್ನೊಂದು ತೆರೆಯದು. ಆಚೆಯ ಮಾತು ಈಚೆ ಕೇಳದ ಕಾರಣ, ಗಾಜಿಗೆ ಅಂಗೈ ಒತ್ತಿದರೆ ‘ತಡಿ, ತೆಗೀಬ್ಯಾಡ’ ಎಂದು ನಮ್ಮಲ್ಲಿ ರೂಢಿ.

ಅಂದು ಎಲ್ಲರೂ ಊಟಕ್ಕೆ ಹೋಗಿದ್ದರು. ಫೈಲಿಟ್ಟ ಗಾಡಿ ಆ ಗೂಡಿನಲ್ಲೇ ನಿಂತಿತ್ತು. ನುಸುಳಿದೆ. ಬೆನ್ನ ಹಿಂದೆ ಬಾಗಿಲು ಮುಚ್ಚಿತು, ಕರೆಂಟು ಹೋಯಿತು. ಎರಡೂ ಬಾಗಿಲು ಜಪ್ಪಯ್ಯ ಎಂದರೂ ಅಲ್ಲಾಡಲಿಲ್ಲ. ಓಣಿಯ ಕಿಟಕಿಯ ಬೆಳಕಷ್ಟೇ ಗಾಜಿನಿಂದ ಬರುತ್ತಿತ್ತು. ಗಾಳಿ ನಿಂತಿತು, ಮಾಸ್ಕು ಒದ್ದೆಯಾಗಿ ಮೂಗಿಗೆ ಅಂಟಿತು. ಬಡಿದೆ, ಕೂಗಿದೆ. ಯಾರೂ ಬರಲಿಲ್ಲ. ಸಿಕ್ಕಿಬಿದ್ದದ್ದಂತೂ ಆಯಿತು, ನೋಡಿಯೇ ಬಿಡೋಣವೆಂದು ಫೈಲಿಗೆ ಕೈಹಾಕಿದೆ.

ಆಗ ಒಳಕೋಣೆಯ ಗಾಜಿನಾಚೆ ಒಬ್ಬರು ನಿಂತಿದ್ದರು. ನಮ್ಮಂತೆಯೇ ಬಿಳಿ ಉಡುಪು, ಟೋಪಿ, ಮಾಸ್ಕು. ಬಲಗೈ ಎತ್ತಿ ಗಾಜಿಗೆ ಅಂಗೈ ಒತ್ತಿದರು. ಕೈಗವಸಿನ ಉಂಗುರದ ಬೆರಳು ಅರ್ಧಕ್ಕೆ ಬರಿದಾಗಿ ಮಡಚಿಕೊಂಡಿತ್ತು.

ತೆಗೀಬ್ಯಾಡ ಎಂದೇ ನನಗೆ ಅರ್ಥವಾಯಿತು. ಫೈಲು ಬಿಟ್ಟು, ಹಿಂದಕ್ಕೆ ಸರಿದು, ಗೋಡೆಗೆ ಬೆನ್ನು ಹಚ್ಚಿ ಕಣ್ಣು ಮುಚ್ಚಿ ನಿಂತೆ. ಎಷ್ಟು ಹೊತ್ತೋ ಗೊತ್ತಿಲ್ಲ.

ಕರೆಂಟು ಬಂದಾಗ ಬಾಗಿಲು ತೆಗೆದವರು ಸೂಪರ್‌ವೈಸರ್. “ಒಳಗ ಯಾರದಾರ್ರಿ?” ಎಂದೆ. “ಕೋಣ್ ನಾ ಗೋ”, ಯಾರೂ ಇಲ್ಲ ಎಂದು ಕೊಂಕಣಿಯಲ್ಲಿ ಹೇಳಿ ಒಳಕೋಣೆಯನ್ನೇ ತೆರೆದು ತೋರಿಸಿದರು. ಖಾಲಿ. ಬೈದು ಫೈಲು ಒಯ್ದರು, ಮತ್ತೆ ಅದು ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಜೆ ಕಂಪನಿ ಬಸ್ಸಿಳಿದು ನಾವಿದ್ದ ಸಡಾ ಗುಡ್ಡದ ಏರು ಹತ್ತಿ ಮನೆ ಸೇರಿದರೆ ಅತ್ತೆ ಬಾಗಿಲಲ್ಲೇ ಇದ್ದರು. “ಮಧ್ಯಾಹ್ನ ಮಲಗಿದಾಂವ ಉಸರ ಕಟ್ಟಿದಂಗ ಭಾಳ ಒದ್ದಾಡಿದ. ಎಬ್ಬಿಸಿದ್ರೂ ಏಳಲಿಲ್ಲ, ಆಮ್ಯಾಲ ತಾನ ಎದ್ದ.” ಒಳಗೆ ಹೋಗಿ ಅವರ ಬಲಗೈ ಹಿಡಿದು ನೋಡಿದೆ.

ಪರೀಕ್ಷೆ ಮುಗಿಯಿತು. ಅವರಿಗೆ ಸಿಕ್ಕಿದ್ದು ಯಾವ ಗುಳಿಗೆಯೆಂದು ನಮಗೆ ತಿಳಿಯಲೇ ಇಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್. ನೋಡಬೇಡ ಎಂದು ಅವರೇ ತಡೆದರಲ್ಲ ಎಂಬುದೊಂದೇ ನನಗಿದ್ದ ಸಮಾಧಾನ. ಕಳೆದ ತಿಂಗಳು ಮಷೀನಿನ ಪಕ್ಕ ಕೂತು ಎಲ್ಲ ಹೇಳಿಬಿಟ್ಟೆ. ಅವರು ಅರ್ಧ ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿದರು.

“ನಿಮ್ಮ ಫ್ಯಾಕ್ಟರಿ ರೂಢಿ ನನಗೇನ ಗೊತ್ತ? ನಾ ಆಗಿದ್ರ, ಬಾಗಲಾ ತಗೀ ಅಂತ ಕೈ ಹಚ್ಚಿರ್ತಿದ್ದೆ.”

ಅದು ಯಾರ ಕೈಯೋ ನನಗೆ ಇಂದಿಗೂ ತಿಳಿಯದು. ನಾನು ಹಿಂದಕ್ಕೆ ಸರಿದು ಕಣ್ಣು ಮುಚ್ಚಿಕೊಂಡದ್ದು ಮಾತ್ರ ಗೊತ್ತು.